ತೊಂಬತ್ತು ಕ್ಯಾಲೊರಿಯ ಉಬ್ಬುರೊಟ್ಟಿ

ಅರೆಕೆರೆಯ ಅಂಜನಮ್ಮ ತನ್ನ ಅರವತ್ತಮೂರು ವರ್ಷದಲ್ಲಿ ಎಷ್ಟು ಸಾವಿರ ರೊಟ್ಟಿ ಬೇಯಿಸಿದ್ದಳೋ, ಎಣಿಸಿದವರಿಲ್ಲ. ಆದರೆ ರೊಟ್ಟಿಯನ್ನು ಬಂಗಾರದ ಹಾಗೆ ತಕ್ಕಡಿಗೆ ಹಾಕಿ ತೂಗಿದ್ದು ಇದೇ ಮೊದಲು.

ತಕ್ಕಡಿ ಸೊಸೆ ಅರ್ಪಿತಳದು. ಅಂಗೈಯಗಲದ ಗಾಜಿನ ಹಲಗೆ. ಮೇಲೆ ಉಪ್ಪಿನ ಹರಳಿಟ್ಟರೂ ಕೆಂಪು ಅಂಕಿಯಲ್ಲಿ ಗ್ರಾಂ ತೋರಿಸುತ್ತಿತ್ತು. ಅಂಜನಮ್ಮ ಅದರ ಮುಂದೆ ಮಂಡಿಯೂರಿ ಕುಳಿತು, "ಇದಕ್ಕೆ ಸುಳ್ಳು ಹೇಳೋಕೆ ಬರಲ್ವೇನೇ?" ಎಂದು ಕೇಳಿದ್ದಳು.

"ಬರಲ್ಲ ಅತ್ತೆ. ಅದಕ್ಕೇ ತಂದಿರೋದು."

"ಹಂಗಾದ್ರೆ ನಿಮ್ಮ ಮಾವನ್ನ ಇದರ ಹತ್ರ ಬಿಡ್ಬೇಡ."

ತಕ್ಕಡಿ ಮನೆಗೆ ಬಂದದ್ದಕ್ಕೆ ಒಂದು ಕಾರಣವಿತ್ತು. ಅಂಜನಮ್ಮನ ಗಂಡ ಬೈರಣ್ಣ ಹಿಂದೆ ರಾಗಿ ಬಿತ್ತುತ್ತಿದ್ದ ಹೊಲದಲ್ಲಿ ಈಗ ಅವನದೇ ನಾಲ್ಕು ಅಂತಸ್ತಿನ ಕಟ್ಟಡವಿದೆ. ಮೇಲಿನ ಎರಡರಲ್ಲಿ ಬಾಡಿಗೆ ಮನೆಗಳು, ಒಂದನೇ ಮಹಡಿಯಲ್ಲಿ ಮನೋಜ್ ಎಂಬ ಹುಡುಗ ನಡೆಸುವ ಜಿಮ್ಮು, ನೆಲದ ಮಟ್ಟದಲ್ಲಿ ಒಂದು ಅಂಗಡಿ. ಜೆರಾಕ್ಸಿನವರು ಬಿಟ್ಟುಹೋದ ಮೇಲೆ ಆ ಅಂಗಡಿ ಖಾಲಿ ಬಿದ್ದಿತ್ತು. ಅರ್ಪಿತ ಅದನ್ನು ಕೇಳಿದಳು. ಬೆಳಿಗ್ಗೆ ಜಿಮ್ಮಿನಿಂದ ಬೆವರು ಸುರಿಸಿಕೊಂಡು ಇಳಿಯುವವರಿಗೆಲ್ಲ ಹಸಿವಿರುತ್ತದೆ, ಹಸಿದವರು ಎದುರಿನ ಗಾಡಿಯಲ್ಲಿ ಬೋಂಡ ತಿನ್ನುತ್ತಾರೆ. ಅದರ ಬದಲು ಸೊಪ್ಪು, ಮೊಳಕೆಕಾಳು ತುಂಬಿ ಸುತ್ತಿದ ರ‍್ಯಾಪು ಕೊಟ್ಟರೆ ಬೇಡವೆನ್ನುವವರು ಯಾರು? ಅದು ಅವಳ ಯೋಚನೆ.

ಬೈರಣ್ಣ ಮೀಸೆ ತಿರುವಿದ. "ರೊಟ್ಟಿ ಸುತ್ತಿ ಕೊಡೋಕೆ ಅಂಗಡಿ ಬೇರೆ ಬೇಕಾ? ಆ ಚಲುವರಾಜು ಮೊಬೈಲ್ ಕವರ್ ಮಾರ್ತೀನಿ ಅಂತ ದಿನಾ ಬಂದು ಕೂರ್ತಾವ್ನೆ. ಅವನಿಗೆ ಏನ್ ಹೇಳ್ಲಿ?"

"ಅಂಗಡಿ ತೆರೆದ ಮೇಲೆ ಒಂದೂವರೆ ತಿಂಗಳು ಕೊಡಿ ಮಾವ. ಆಮೇಲೆ ನೀವು ಹೇಳ್ದಂಗೆ."

"ಆಗ್ಲಿ. ಜಿಮ್ಮಿನೋನು ನಿನ್ನ ರೊಟ್ಟಿ ಒಪ್ಪಿದ್ರೆ ಅಂಗಡಿ ನಿಂದು. ಅವನು ಮೂಗು ಮುರಿದ್ರೆ ಚಲುವರಾಜುಗೆ."

ಇದಾದದ್ದೇ ಅರ್ಪಿತಳಿಗೆ ರೊಟ್ಟಿಯ ಹುಚ್ಚು ಹಿಡಿಯಿತು. ಮೊದಲು ಜಯನಗರದ ದೊಡ್ಡ ಅಂಗಡಿಯಿಂದ ಪ್ಯಾಕೆಟ್ಟಿನ ಟಾರ್ಟಿಲ್ಲಾ ಎಂಬ ವಿದೇಶಿ ರೊಟ್ಟಿ ತಂದಳು. ಕಡಿಮೆ ಕ್ಯಾಲೊರಿ ಎಂದು ಹಸಿರು ಅಕ್ಷರದಲ್ಲಿ ಬರೆದಿತ್ತು. ಅಂಜನಮ್ಮ ಒಂದನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದಳು.

"ಒಗೆದು ಒಣಗಾಕಿದ ಕರ್ಚೀಫ್ ಇದ್ದಂಗೈತೆ ಕಣೇ."

"ಅದರಲ್ಲಿ ಏನೇನು ಹಾಕವ್ರೆ ನೋಡಿ ಅತ್ತೆ," ಎಂದು ಅರ್ಪಿತಳೇ ಪ್ಯಾಕೆಟ್ಟಿನ ಬೆನ್ನು ತಿರುಗಿಸಿದಳು. ಲಗ್ನಪತ್ರಿಕೆಯಲ್ಲಿ ನೆಂಟರ ಹೆಸರು ಹಾಕಿಸಿದ ಹಾಗೆ ಮೇಲಿಂದ ಕೆಳಗಿನವರೆಗೆ ಉದ್ದದ ಪಟ್ಟಿ. ಅದರಲ್ಲಿ ಅರ್ಧದಷ್ಟನ್ನು ಓದಲು ಅವಳಿಗೂ ನಾಲಿಗೆ ಹೊರಳಲಿಲ್ಲ.

ಆಮೇಲೆ ಓಟ್ಸಿನ ರೊಟ್ಟಿ ಮಾಡಿದಳು. ತವದ ಮೇಲೆ ಚೆನ್ನಾಗಿತ್ತು, ಮಡಚಿದೊಡನೆ ಬೆನ್ನುಮೂಳೆ ಮುರಿದುಕೊಂಡಿತು. ಅಗಸೆಬೀಜದ ಹಿಟ್ಟಿನದು ಎಷ್ಟು ಅಂಟೆಂದರೆ ಅದರಲ್ಲಿ ಗೋಡೆಗೆ ಪೋಸ್ಟರು ಹಚ್ಚಬಹುದಿತ್ತು. ಮೊಟ್ಟೆಯ ಬಿಳಿಭಾಗದ್ದು ಮಾತ್ರ ತೆಳ್ಳಗೆ, ಮೆತ್ತಗೆ, ಸುತ್ತಿದರೆ ಸುತ್ತಿದ ಹಾಗೇ ನಿಂತಿತು. ಅರ್ಪಿತ ಕುಣಿಯುವುದೊಂದು ಬಾಕಿ. ಅಷ್ಟರಲ್ಲಿ ಅಂಜನಮ್ಮ ಮೆಲ್ಲಗೆ ಕೇಳಿದಳು:

"ಶನಿವಾರ ಏನ್ಮಾಡ್ತೀಯಾ?"

ಶನಿವಾರ, ಸೋಮವಾರ ಆ ಮನೆಯೊಳಗೆ ಮೊಟ್ಟೆ ಬರುವ ಹಾಗಿಲ್ಲ. ಶ್ರಾವಣ ಪೂರ್ತಿ ಇಲ್ಲ. ಅಮಾವಾಸ್ಯೆ, ಹಬ್ಬ ಎಂದು ಅರ್ಪಿತ ಕ್ಯಾಲೆಂಡರಿನಲ್ಲಿ ಗೀಟು ಹಾಕುತ್ತ ಹೋದಳು. ಉಳಿದ ದಿನ ನೋಡಿ ಪೆನ್ನು ಕೆಳಗಿಟ್ಟಳು.

ಅವತ್ತು ಸಂಜೆ ಅಂಜನಮ್ಮ ಯಾರಿಗೂ ಹೇಳದೆ ಒಲೆಯ ಮೇಲೆ ಎಸರಿಟ್ಟಳು. ಮುದ್ದೆಗೆ ಇಡುವ ಹಾಗೆಯೇ. ನೀರು ಕೊತಕೊತ ಕುದಿಯುವಾಗ ಚಿಟಿಕೆ ಉಪ್ಪು ಹಾಕಿ, ರಾಗಿ ಹಿಟ್ಟು ಸುರಿದು, ಗೂಡಿನ ಹಾಗೆ ಕೂರಿಸಿ ಬೇಯಲು ಬಿಟ್ಟಳು. ಆಮೇಲೆ ಕೋಲಿನಿಂದ ತಿರುವಿ, ಬಿಸಿಯಿರುವಾಗಲೇ ಅಂಗೈಗೆ ನೀರು ಹಚ್ಚಿಕೊಂಡು ನಾದಿದಳು. ಹಸಿ ಹಿಟ್ಟಿನ ರೊಟ್ಟಿ ಸೀಳುತ್ತದೆ. ಬೆಂದ ಹಿಟ್ಟಿನದು ಹೇಳಿದ ಮಾತು ಕೇಳುತ್ತದೆ. ನಿಂಬೆಹಣ್ಣಿನ ಗಾತ್ರದ ಉಂಡೆ ಹಿಡಿದು, ಮಣೆಯ ಮೇಲೆ ಒಣ ಹಿಟ್ಟು ಸವರಿ ತೆಳ್ಳಗೆ ಲಟ್ಟಿಸಿ ತವದ ಮೇಲೆ ಹಾಕಿದಳು. ಒಂದು ತೊಟ್ಟು ಎಣ್ಣೆಯಿಲ್ಲ. ಮಗುಚಿ ಹಾಕಿದ ಮೇಲೆ ಬಟ್ಟೆಯಿಂದ ಅಂಚನ್ನು ಒತ್ತಿದ್ದೇ ತಡ, ರೊಟ್ಟಿ ಕೋಪ ಬಂದ ಬೀಗಿತ್ತಿಯ ಕೆನ್ನೆಯ ಹಾಗೆ ಬುಸ್ಸೆಂದು ಉಬ್ಬಿತು.

ಅರ್ಪಿತ ಅದನ್ನು ಮಡಚಿದಳು, ಸುತ್ತಿದಳು, ಬಟ್ಟೆ ಹಿಂಡಿದ ಹಾಗೆ ಹಿಂಡಿ ನೋಡಿದಳು. ಸೀಳಲಿಲ್ಲ.

"ಅತ್ತೆ! ಇಷ್ಟು ದಿನ ಯಾಕೆ ಸುಮ್ನಿದ್ರಿ?"

"ನೀನು ಟಾರ್ಟಿಲ್ಲಾ ಕೇಳ್ತಿದ್ದೆ. ಇದು ಉಬ್ಬುರೊಟ್ಟಿ. ನಂಗೇನು ಗೊತ್ತು?"

ಆಗಲೇ ತಕ್ಕಡಿ ಬಂದದ್ದು. ಒಂದು ರೊಟ್ಟಿಗೆ ಇಪ್ಪತ್ತೇಳು ಗ್ರಾಂ ಹಿಟ್ಟು, ಅಂದರೆ ತೊಂಬತ್ತು ಕ್ಯಾಲೊರಿ. ಅರ್ಪಿತ ಇದನ್ನು ಬರೆದುಕೊಂಡು ಮೆಟ್ಟಿಲು ಹತ್ತಿ, ಚೀಟಿಯ ಜೊತೆ ಒಂದು ರೊಟ್ಟಿಯನ್ನೂ ಮನೋಜನ ಮುಂದೆ ಇಟ್ಟಳು. ಅವನು ತಿಂದ, ಕಣ್ಣು ಮುಚ್ಚಿದ, ಕಣ್ಣು ಬಿಟ್ಟ.

"ಅಕ್ಕಾ, ಟೇಸ್ಟ್ ಸಖತ್. ಆದ್ರೆ ನಾನು ಬಾಯಿಗೆ ಒಪ್ಪಲ್ಲ, ತೂಕಕ್ಕೆ ಒಪ್ತೀನಿ. ನನ್ನ ಬೆಳಗಿನ ಬ್ಯಾಚಲ್ಲಿ ಹನ್ನೆರಡು ಜನ ಅವ್ರೆ. ಒಂದು ತಿಂಗಳು ದಿನಾ ಬೆಳಿಗ್ಗೆ ನಿಮ್ದೇ ಒಂದು ರ‍್ಯಾಪು ತಿನ್ನಲಿ, ಬೇರೇನೂ ಬೇಡ. ತೂಕ ಇಳೀತು ಅಂದ್ರೆ ನನ್ನ ಡೈಟ್ ಚಾರ್ಟಲ್ಲಿ ನಿಮ್ಮ ಅಂಗಡಿ ಹೆಸರು ಬರೀತೀನಿ, ಓನರ್ ಅಂಕಲ್‌ಗೂ ನಾನೇ ಹೇಳ್ತೀನಿ. ಇಳೀಲಿಲ್ವಾ, ಸಾರಿ."

ಹೀಗೆ ಅಂಗಡಿ ತೆರೆಯಿತು. ಬೆಳಿಗ್ಗೆ ಏಳಕ್ಕೆ ಅಂಜನಮ್ಮ ಹಿಂದುಗಡೆ ಒಲೆಯ ಮುಂದೆ, ಅರ್ಪಿತ ಮುಂದುಗಡೆ ಮೇಜಿನ ಹತ್ತಿರ. ಹೊರಗೆ ಗೋಡೆಗೆ ತಾಗಿಸಿ ಬೆಂಚಿನ ಹಾಗೆ ಕೂರಿಸಿದ ಒಂದು ಉದ್ದನೆಯ ಕಲ್ಲುಹಾಸು. ಜಿಮ್ಮಿನಿಂದ ಇಳಿದವರು ಅದರ ಮೇಲೆ ಸಾಲಾಗಿ ಕುಳಿತು ತಿನ್ನುತ್ತಿದ್ದರು.

ಆ ಸಾಲನ್ನು ಕಂಡ ಮೊದಲ ದಿನ ಅಂಜನಮ್ಮನಿಗೆ ಹಳೆಯ ಹೊಲ ನೆನಪಾಯಿತು. ಇದೇ ಜಾಗದಲ್ಲಿ, ಇದೇ ಹೊತ್ತಿಗೆ, ಅವಳು ಮಕ್ಕರಿ ಹೊತ್ತು ಕಳೆ ಕೀಳುವ ಹೆಣ್ಣಾಳುಗಳಿಗೆ ಬುತ್ತಿ ತರುತ್ತಿದ್ದಳು. ಅವರೂ ಬದುವಿನ ಮೇಲೆ ಹೀಗೇ ಸಾಲಾಗಿ ಕೂರುತ್ತಿದ್ದರು. ಹೊಲ ಹೋದ ಮೇಲೆ ಅವಳ ಕೈಯಿಂದ ಉಣ್ಣುವವರು ಮನೆಯ ನಾಲ್ಕು ಜನ ಮಾತ್ರ. ಅವರಲ್ಲಿ ಮಗ ದಿನೇಶ್ ಆಫೀಸಿನಲ್ಲೇ ಊಟ, ಮೊಮ್ಮಗಳಿಗೆ ನೂಡಲ್ಸು. ಅಂಗಡಿ ಉಳಿದರೆ ಅರ್ಪಿತಳಿಗೆ ವ್ಯಾಪಾರ. ಅಂಜನಮ್ಮನಿಗೆ ಮಾತ್ರ ಈ ಸಾಲು. ಚಲುವರಾಜು ಬಂದು ಮೊಬೈಲ್ ಕವರು ತೂಗುಹಾಕಿದರೆ ಈ ಕಲ್ಲಿನ ಮೇಲೆ ಯಾರು ಬಂದು ಕೂರುತ್ತಾರೆ? "ದೇವ್ರೇ, ಇವರೆಲ್ಲ ಸಣ್ಣಗಾಗ್ಲಪ್ಪಾ," ಎಂದು ಬೇಗೂರಿನ ನಾಗೇಶ್ವರನಿಗೆ ಹರಕೆ ಹೊತ್ತಳು. ಯಾರಾದರೂ ಸಣ್ಣಗಾಗಲಿ ಎಂದು ಅವಳು ದೇವರನ್ನು ಕೇಳಿಕೊಂಡದ್ದು ಜೀವಮಾನದಲ್ಲೇ ಇಲ್ಲ.

ಎಂಟು ಗಂಟೆಗೆ ಅರ್ಪಿತ ಸ್ಕೂಟರು ಹತ್ತಿ ಮಗಳನ್ನು ಶಾಲೆಗೆ ಬಿಟ್ಟು, ಜೆ.ಪಿ. ನಗರದ ಕಡೆ ಒಂದೆರಡು ಆರ್ಡರು ಮುಟ್ಟಿಸಿ ಬರುತ್ತಿದ್ದಳು. ಬರುವುದು ಒಂಬತ್ತಾಗುತ್ತಿತ್ತು. ಹೊರಡುವ ಮುಂಚೆ ರ‍್ಯಾಪುಗಳನ್ನೆಲ್ಲ ಸುತ್ತಿ ಸಾಲಾಗಿ ಇಡುತ್ತಿದ್ದಳು. ಕೊಡುವುದಷ್ಟೇ ಅಂಜನಮ್ಮನ ಕೆಲಸ.

ಮೊದಲ ದಿನ ಕೊನೆಗೆ ಉಳಿದವನು ಸಂಗಮೇಶ. ಇಳಕಲ್ಲಿನ ಕಡೆಯವನು, ಬಿ.ಟಿ.ಎಂ.ನಲ್ಲಿ ರೂಮು ಮಾಡಿಕೊಂಡು ಒಂದು ಆಫೀಸಿನಲ್ಲಿ ದುಡಿಯುವ ಧಡೂತಿ ಹುಡುಗ. ರ‍್ಯಾಪನ್ನು ನಾಲ್ಕೇ ಬಾಯಿಗೆ ಮುಗಿಸಿ, ಸುತ್ತಿದ್ದ ಕಾಗದವನ್ನು ಸಣ್ಣಗೆ ಮಡಚುತ್ತ ಕುಳಿತ.

"ಯವ್ವಾ, ರೊಟ್ಟಿ ಭಾಳ ಛೊಲೊ ಆಗೇದ್ರಿ. ನಮ್ಮವ್ವನ ಕೈ ನೆನಪಾತು."

ಅಂಜನಮ್ಮ ಅವನ ತಟ್ಟೆ ನೋಡಿದಳು. ಖಾಲಿ ತಟ್ಟೆ. ಅದರಲ್ಲಿ ಇದ್ದದ್ದು ಒಂದು. ಒಂದೇ ಒಂದು. ಅವಳ ಅತ್ತೆಯ ಮನೆಯಲ್ಲಿ, ತಾಯಿಯ ಮನೆಯಲ್ಲಿ, ಎಲ್ಲಿಯೂ ಯಾರ ಎಲೆಗೂ ಒಂಟಿ ಇಕ್ಕಿದ್ದಿಲ್ಲ. ದೋಸೆಯಾಗಲಿ, ರೊಟ್ಟಿಯಾಗಲಿ, ಹೊಟ್ಟೆ ತುಂಬಿದೆ ಎಂದು ಕೈ ಅಡ್ಡ ಹಿಡಿದರೂ ಇನ್ನೊಂದು ಬಿದ್ದೇ ಬೀಳಬೇಕು. ಒಂದೇ ಇಕ್ಕಿ ಎಬ್ಬಿಸುವುದು ಉಂಡವರಿಗೂ ಆಗದು, ಇಕ್ಕಿದವರಿಗೂ ಆಗದು.

ಒಳಗೆ ಹೋಗಿ ಮನೆಯ ಡಬ್ಬಿಯ ಹಿಟ್ಟಿನಲ್ಲಿ ನಾದಿಟ್ಟಿದ್ದ ಉಂಡೆಯೊಂದನ್ನು ಲಟ್ಟಿಸಿ, ಬೇಯಿಸಿ ತಂದಳು. ಬರೀ ರೊಟ್ಟಿ ಒಣಗಲು ಎಂದು ಮೇಲೆ ಹೆಬ್ಬೆಟ್ಟಿನಷ್ಟು ಬೆಣ್ಣೆ.

"ಬ್ಯಾಡ್ರಿ ಅಮ್ಮಾರ! ನಾ ಡೈಟಿನ್ಯಾಗ ಅದೀನಿ."

"ಡೈಟು ಅಂಗಡಿ ರೊಟ್ಟಿಗೆ ಕಣಪ್ಪಾ. ಇದು ಮನೇದು."

ಸಂಗಮೇಶ ಬೆಣ್ಣೆ ಕರಗುವುದನ್ನು ನೋಡಿದ. ಮೆಟ್ಟಿಲ ಕಡೆ ನೋಡಿದ. ಮನೋಜ್ ಮೇಲೆ ಎರಡನೇ ಬ್ಯಾಚಿಗೆ ಒಂದು, ಎರಡು ಎಂದು ಕೂಗುತ್ತಿದ್ದ. "ಮನೀದು ಅಂದ್ರ ಬ್ಯಾರೆ ಮಾತಲ್ರಿ," ಎಂದು ರೊಟ್ಟಿಗೆ ಕೈ ಹಾಕಿದ.

ಮಾರನೆಯ ದಿನ ಪಕ್ಕದಲ್ಲಿ ಕೂತವಳು ಕೇಳಿದಳು: "ಆಂಟಿ, ಅವರಿಗೆ ಮಾತ್ರ ಯಾಕೆ?" ಅಂಜನಮ್ಮನಿಗೆ ನಾಚಿಕೆಯಾಯಿತು. ಸಾಲಿನಲ್ಲಿ ಒಬ್ಬರಿಗೆ ಇಕ್ಕಿ ಒಬ್ಬರಿಗೆ ಬಿಡುವುದು ಪಂಕ್ತಿಭೇದ. ವಾರ ಕಳೆಯುವುದರಲ್ಲಿ ಕಲ್ಲಿನ ಮೇಲೆ ಕೂತವರಿಗೆಲ್ಲ ಅಂಗಡಿಯದು ಒಂದು, ಮನೆಯದು ಒಂದು. ತಕ್ಕಡಿ ಅಂಗಡಿಯದನ್ನಷ್ಟೇ ತೂಗುತ್ತಿತ್ತು, ಇಪ್ಪತ್ತೇಳು ಗ್ರಾಂ, ಒಂದು ಕೂದಲೆಳೆ ಆಚೀಚೆ ಇಲ್ಲ. ತಾನು ಮೋಸ ಮಾಡುತ್ತಿದ್ದೇನೆಂದು ಅಂಜನಮ್ಮನಿಗೆ ಕನಸಿನಲ್ಲೂ ಅನಿಸಲಿಲ್ಲ. ಮಾರಿದ್ದು ಬೇರೆ, ಇಕ್ಕಿದ್ದು ಬೇರೆ. ತಿಂದವರಿಗೆ ಮಾತ್ರ ಎಲ್ಲ ಗೊತ್ತಿತ್ತು. ಅರ್ಪಿತಳ ಸ್ಕೂಟರು ತಿರುವಿನಲ್ಲಿ ಕಂಡೊಡನೆ ಕಲ್ಲಿನ ಮೇಲಿದ್ದ ಒಂಬತ್ತು ಜನ ಒಟ್ಟಿಗೆ ಬಾಯಿ ಒರೆಸಿಕೊಳ್ಳುತ್ತಿದ್ದರು.

ತಿಂಗಳು ತುಂಬಿದ ಭಾನುವಾರ ಮನೋಜ್ ಎಲ್ಲರನ್ನೂ ಮೇಲೆ ಕರೆದ. ಬೈರಣ್ಣ ಬಿಳಿ ಪಂಚೆ ಉಟ್ಟು, ಪಂಚಾಯ್ತಿಗೆ ಕೂರುವವನ ಹಾಗೆ ಒಂದು ಕುರ್ಚಿ ಎಳೆದುಕೊಂಡು ಕುಳಿತ. ಅರ್ಪಿತ ಕೈ ಹಿಸುಕಿಕೊಳ್ಳುತ್ತ ಕನ್ನಡಿಯ ಪಕ್ಕ ನಿಂತಳು. ಅಂಜನಮ್ಮ ಮಂಡಿ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದು ಬಾಗಿಲಲ್ಲೇ ನಿಂತಳು.

ಸಂಗಮೇಶ ಮೊದಲು ತೂಕದ ಮಿಷನ್ ಹತ್ತಿದ. ಮನೋಜ್ ಅಂಕಿ ನೋಡಿ, ಬಗ್ಗಿ ಮತ್ತೆ ನೋಡಿದ.

"ಒಂಬೈನೂರು ಗ್ರಾಂ ಜಾಸ್ತಿ! ಗುರು, ಏನಿದು?"

"ನೀರು ಭಾಳ ಕುಡದೀನ್ರಿ," ಎಂದ ಸಂಗಮೇಶ.

ಎರಡನೆಯವಳಿಗೆ ಮುಕ್ಕಾಲು ಕಿಲೋ ಏರಿತ್ತು. ತನಗೆ ಥೈರಾಯ್ಡ್ ಇರಬಹುದೆಂದಳು. ಮೂರನೆಯವನು ನಿದ್ದೆ ಸಾಲದೆಂದ. ನಾಲ್ಕನೆಯವನು ಈ ಮಿಷನ್ನೇ ಸರಿಯಿಲ್ಲ ಎಂದ. ಬೈರಣ್ಣ ಎದ್ದು ತಾನೇ ಹತ್ತಿ ನೋಡಿ, "ನಂದೂ ಜಾಸ್ತಿನೇ ತೋರಿಸ್ತೈತೆ, ಮಿಷನ್ ಕೆಟ್ಟೈತೆ," ಎಂದು ತೀರ್ಪು ಕೊಟ್ಟ. ಅಷ್ಟರಲ್ಲಿ ಚೈತನ್ಯ ಎಂಬ ಹುಡುಗಿ ಹತ್ತಿದಳು. ಎರಡೂವರೆ ಕಿಲೋ ಕಡಿಮೆ. ಅವಳ ಹಿಂದೆ ಇನ್ನಿಬ್ಬರು. ಅವರೂ ಇಳಿದಿದ್ದರು. ಉಳಿದ ಒಂಬತ್ತು ಜನ ಏರಿದ್ದರು. ಮಿಷನ್ ಕೆಟ್ಟಿರಲಿಲ್ಲ.

ಮನೋಜ್ ಪುಸ್ತಕ ಮುಚ್ಚಿದ. "ಅಕ್ಕಾ, ಬೇಜಾರ್ ಮಾಡ್ಕೋಬೇಡಿ. ಇದು ತೊಂಬತ್ತಲ್ಲ. ಎಲ್ಲೋ ಏನೋ ಸೇರ‍್ತಾ ಇದೆ. ಇಷ್ಟು ಜನಕ್ಕೆ ನಾನು ಮಾತು ಕೊಟ್ಟಿದ್ದೆ. ನಿಮ್ಮನ್ನ ನಂಬ್ದೆ."

"ನಾನೇ ತೂಗಿದ್ದೀನಿ ಮನೋಜ್! ಒಂದೊಂದೂ!"

"ಮತ್ತೆ ಇವರಿಗ್ಯಾಕೆ ಇಳಿದಿಲ್ಲ?"

ಅರ್ಪಿತ ಪುಸ್ತಕ ಇಸಿದುಕೊಂಡು ಹೆಸರುಗಳ ಮೇಲೆ ಬೆರಳಾಡಿಸಿದಳು. ಕಣ್ಣಲ್ಲಿ ನೀರು ತುಂಬಿದ್ದರೂ ತಲೆ ಓಡುತ್ತಿತ್ತು. "ಚೈತನ್ಯ, ನೀವು ದಿನಾ ಪಾರ್ಸಲ್ ತಾನೇ?"

"ಹೂಂ, ಏಳೂವರೆ ಬಸ್ಸು ನಂದು. ಬಸ್ಸಲ್ಲೇ ತಿಂತೀನಿ."

"ಇವರಿಬ್ಬರೂ ಪಾರ್ಸಲ್ಲೇ." ಅವಳು ತಲೆಯೆತ್ತಿದಳು. "ಕಟ್ಟಿಸಿಕೊಂಡು ಹೋದವರೆಲ್ಲ ಇಳಿದವ್ರೆ. ಕೂತು ತಿಂದವರೆಲ್ಲ ಏರವ್ರೆ. ಅದು ಹೆಂಗೆ?"

ಒಂಬತ್ತು ಜನರೂ ಒಟ್ಟಿಗೆ ನೆಲ ನೋಡಿದರು. ಸಂಗಮೇಶ ಷೂ ಲೇಸು ಬಿಚ್ಚಿ ಮತ್ತೆ ಕಟ್ಟಿದ. ಯಾರೊಬ್ಬರೂ ಅಂಜನಮ್ಮನ ಕಡೆ ತಿರುಗಲಿಲ್ಲ. ಅವರು ತಿರುಗದಿದ್ದದ್ದರಿಂದಲೇ ಅವಳಿಗೆ ಎಲ್ಲ ತಿಳಿಯಿತು.

ಸುಮ್ಮನಿದ್ದುಬಿಡಬಹುದಿತ್ತು. ಈ ಮಕ್ಕಳು ಬಾಯಿ ಬಿಡುತ್ತಿರಲಿಲ್ಲ. ಆದರೆ ಅಂಗಡಿ ಹೋಗುತ್ತಿತ್ತು, ಸೊಸೆ ಸುಳ್ಳಿಯಾಗುತ್ತಿದ್ದಳು. ಹೇಳಿದರೂ ಅಂಗಡಿ ಹೋಗಬಹುದು. ಸೊಸೆ ಸುಳ್ಳಿಯಾಗುವುದಾದರೂ ತಪ್ಪುತ್ತದೆ. ಅಂಜನಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಮುಂದೆ ಬಂದಳು.

"ಅವಳನ್ನ ಅನ್ಬೇಡ ಕಣಪ್ಪಾ. ಅವಳ ರೊಟ್ಟಿ ತೊಂಬತ್ತೇ. ಇನ್ನೊಂದು ಇಕ್ಕಿದ್ದು ನಾನು."

"ಇನ್ನೊಂದು ಅಂದ್ರೆ?"

"ದಿನಾ ಒಂದೊಂದು. ಮನೇದು." ದನಿ ತಗ್ಗಿಸಿ, "ಬೆಣ್ಣೆ ಸವರಿದ್ದೆ," ಎಂದು ಸೇರಿಸಿದಳು.

ಮನೋಜ್ ಡಂಬೆಲ್ಲು ಇಡುವ ಕಟ್ಟೆಯ ಮೇಲೆ ಕುಸಿದು ಕುಳಿತ. "ಬೆಣ್ಣೆ," ಎಂದ. ಯಾರೋ ಸತ್ತ ಸುದ್ದಿ ಕೇಳಿದವನ ಹಾಗೆ, "ಬೆಣ್ಣೆನಾ ಅಮ್ಮಾ?"

"ಒಂಟಿ ಇಕ್ಬಾರ್ದು ಕಣಪ್ಪಾ. ನಿಮ್ಮಮ್ಮ ನಿಂಗೆ ಯಾವತ್ತಾದ್ರೂ ಒಂದೇ ದೋಸೆ ಹಾಕಿ ಎಬ್ಬಿಸವ್ಳಾ ಹೇಳು?"

ಮನೋಜನ ಅಮ್ಮ ಯಾವತ್ತೂ ಹಾಗೆ ಎಬ್ಬಿಸಿರಲಿಲ್ಲ.

"ಅಮ್ಮಾರದು ತಪ್ಪಿಲ್ರಿ ಸರ," ಎಂದ ಸಂಗಮೇಶ. "ತಿಂದವ್ರು ನಾವು. ಅವ್ರು ಕೊಟ್ರು, ನಾವು ಬ್ಯಾಡ ಅನ್ಲಿಲ್ಲ."

"ಬ್ಯಾಡ ಅಂದ್ರೂ ಬಿಡ್ತಿರ್ಲಿಲ್ಲ," ಎಂದ ಬೈರಣ್ಣ ಕುರ್ಚಿಯಿಂದ. "ನಲವತ್ತು ವರ್ಷದಿಂದ ನಾನು ಬ್ಯಾಡ ಅಂತಾನೇ ಇವ್ನಿ. ನೋಡ್ರಪ್ಪಾ ನನ್ನ ಹೊಟ್ಟೆ."

ಅರ್ಪಿತ ಅಳಬೇಕೋ ನಗಬೇಕೋ ತಿಳಿಯದೆ ಎರಡನ್ನೂ ಮಾಡಿದಳು. ಕೊನೆಗೆ ಮನೋಜ್ ಎದ್ದ. "ಹದಿನೈದು ದಿನ ಅಮ್ಮಾ. ಅಂಕಲ್ ಕೊಟ್ಟ ಟೈಮಲ್ಲಿ ಇನ್ನು ಉಳಿದಿರೋದು ಅಷ್ಟೇ. ತೊಂಬತ್ತಂದ್ರೆ ತೊಂಬತ್ತು. ಮನೇದು, ಅಂಗಡಿದು ಅಂತ ಹೊಟ್ಟೆಗೆ ಗೊತ್ತಾಗಲ್ಲ."

ಸೋಮವಾರ ಅಂಜನಮ್ಮ ಒಂದೇ ಕೊಟ್ಟಳು. ಕೊಟ್ಟು ಗೋಡೆಯ ಕಡೆ ಮುಖ ಮಾಡಿ ನಿಂತಳು. ಬೆನ್ನ ಹಿಂದೆ ಸಂಗಮೇಶ ಕಾಗದ ಮಡಚುವ ಸದ್ದು ಕೇಳಿ ಕಿವಿ ಮುಚ್ಚಿಕೊಂಡಳು. ಮಂಗಳವಾರ, "ನನ್ ಕೈಲಾಗಲ್ಲ, ನೀನೇ ಕೊಡು," ಎಂದು ಅರ್ಪಿತಳಿಗೆ ಹೇಳಿ ಒಲೆಯ ಮುಂದಿನಿಂದ ಏಳಲಿಲ್ಲ. ಅರ್ಪಿತ ಎಲ್ಲವನ್ನೂ ಕಟ್ಟಿ ಕೈಗೆ ಕೊಟ್ಟು ಕಳಿಸಿದಳು. ಬುಧವಾರ ಅಂಜನಮ್ಮ ಹೊರಗೆ ಇಣುಕಿದಾಗ ಕಲ್ಲುಹಾಸಿನ ಮೇಲೆ ಒಂದು ಬೆಕ್ಕು ಮಲಗಿತ್ತು. ಜನ ರ‍್ಯಾಪು ಹಿಡಿದುಕೊಂಡು ಬೈಕಿನ ಮೇಲೆ ಕಚ್ಚುತ್ತ ಹೋಗುತ್ತಿದ್ದರು. ತೂಕ ಇಳಿಯುತ್ತದೆ, ಅಂಗಡಿ ಉಳಿಯುತ್ತದೆ. ಉಳಿದು ಅವಳಿಗೇನು ಬಂತು?

ಮಧ್ಯಾಹ್ನ ಅರ್ಪಿತ ಹಿಟ್ಟು ತೂಗುತ್ತಿದ್ದಾಗ ಅಂಜನಮ್ಮ ಬಂದು ಪಕ್ಕದಲ್ಲಿ ಕುಳಿತಳು.

"ತೊಂಬತ್ತು ಅಂದ್ರೆ ಒಂದೇ ರೊಟ್ಟಿ ಅಂತ ಯಾರು ಹೇಳಿದ್ದು?"

"ಅಂದ್ರೆ?"

"ನಿನ್ನ ತಕ್ಕಡಿಗೆ ಇಪ್ಪತ್ತೇಳು ಬೇಕು ತಾನೇ? ಅದು ಒಂದಾದ್ರೇನು, ಎರಡಾದ್ರೇನು?" ಅವಳು ಹಲಗೆಯ ಮೇಲಿದ್ದ ನಿಂಬೆಹಣ್ಣಿನ ಗಾತ್ರದ ಉಂಡೆಯನ್ನು ಎತ್ತಿಕೊಂಡು, ಬೆರಳಲ್ಲಿ ಚಿವುಟಿ ಎರಡು ಮಾಡಿದಳು. ಎರಡು ನೆಲ್ಲಿಕಾಯಿಗಳಷ್ಟಾದವು. ಎರಡನ್ನೂ ಹಲಗೆಯ ಮೇಲಿಟ್ಟಳು. ಕೆಂಪು ಅಂಕಿ ಮೊದಲು ತೋರಿಸಿದ್ದನ್ನೇ ತೋರಿಸಿತು.

ಅರ್ಪಿತ ಅಂಕಿ ನೋಡಿದಳು, ಅತ್ತೆಯ ಮುಖ ನೋಡಿದಳು. "ಇಷ್ಟು ಚಿಕ್ಕದರಲ್ಲಿ ಪಲ್ಯ ನಿಲ್ಲಲ್ಲ ಅತ್ತೆ. ಸುತ್ತಿದ್ರೆ ಎರಡೂ ಕಡೆ ಉದುರುತ್ತೆ."

"ಪಲ್ಯನೂ ಅರ್ಧ ಹಾಕು. ಒಂದರೊಳಗೆ ಸೊಪ್ಪು, ಇನ್ನೊಂದರೊಳಗೆ ಕಾಳು. ಎರಡು ರುಚಿ ಆಯ್ತಲ್ಲ."

ಅಷ್ಟು ಸಲೀಸಾಗಿ ಆಗಲಿಲ್ಲ. ಸಣ್ಣ ರೊಟ್ಟಿ ಉಬ್ಬುವುದಕ್ಕೆ ಮುಂಚೆಯೇ ಒಣಗುತ್ತಿತ್ತು. ಎರಡು ದಿನ ಅಂಜನಮ್ಮ ತವದೊಂದಿಗೆ ಜಗಳವಾಡಿದಳು. ಉರಿ ಹೆಚ್ಚಿಸಿದಳು, ಇಳಿಸಿದಳು. ಕೊನೆಗೆ ಹಿಟ್ಟಿಗೆ ಇನ್ನೊಂದು ಲೋಟ ನೀರು ಹೆಚ್ಚಿಗೆ ಕುಡಿಸಿ, ಬೆಂದದ್ದನ್ನು ಬೆಂದ ಹಾಗೆಯೇ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟ ಮೇಲೆ ಹದ ಸಿಕ್ಕಿತು. ಹಾಳಾದ ರೊಟ್ಟಿಗಳನ್ನೆಲ್ಲ ಬೈರಣ್ಣ ಬೇಡ ಬೇಡ ಎನ್ನುತ್ತಲೇ ಮುಗಿಸಿದ.

ಶನಿವಾರ ಬೆಳಿಗ್ಗೆ ಅಂಜನಮ್ಮ ಕಲ್ಲುಹಾಸಿನ ಮೇಲಿಂದ ಬೆಕ್ಕನ್ನು ಓಡಿಸಿ ನೀರು ಹಾಕಿ ತೊಳೆದಳು. "ಪಾರ್ಸಲ್ ಇಲ್ಲ ಇವತ್ತು, ಕೂತ್ಕೊಳ್ರಿ," ಎಂದಳು. ಒಬ್ಬೊಬ್ಬರ ತಟ್ಟೆಗೂ ಎರಡೆರಡು ಇಟ್ಟಳು. ಸಂಗಮೇಶ ಮುಟ್ಟಲಿಲ್ಲ.

"ಅಮ್ಮಾರ, ಎರಡಾಗ್ಯಾವು! ಸರ ಬೈತಾರ."

"ತೂಗಿಸ್ಕೋ ಹೋಗು. ಎರಡೂ ಸೇರಿ ಒಂದೇ."

ಅವನು ತಿಂದ. ಕಣ್ಣು ಮುಚ್ಚಿ, ಮೊದಲು ಸೊಪ್ಪಿನದು, ಆಮೇಲೆ ಕಾಳಿನದು. ಮುಗಿಸಿ, ಅಂಜನಮ್ಮನ ಮುಖ ನೋಡಿದ. ಬಾಯಿ ಬಿಟ್ಟು ಕೇಳಲಿಲ್ಲ. ಹಸಿದ ಗಂಡುಮಕ್ಕಳು ಆ ರೀತಿ ನೋಡಿದರೆ ಅಂಜನಮ್ಮನ ಕೈ ತಾನಾಗಿಯೇ ಮೇಲೇಳುತ್ತದೆ. ಎದ್ದೂ ಎದ್ದಿತು, ರೊಟ್ಟಿ ಪೇರಿಸಿದ್ದ ತಟ್ಟೆಯ ಕಡೆ ಹೋಗಿ, ಒಂದು ಪುಟ್ಟ ರೊಟ್ಟಿಯನ್ನು ಹಿಡಿದೂ ಹಿಡಿಯಿತು. ಆದರೆ ಇನ್ನೊಂದು ಇಕ್ಕಿದರೆ ಮೂರಾಗುತ್ತದೆ. ಮೂರು ಇಕ್ಕುವುದಂತೂ ಶತ್ರುವಿಗೂ ಬೇಡ. ಮೂರು ಬೇಡವೆಂದರೆ ನಾಲ್ಕು. ನಾಲ್ಕೆಂದರೆ ನೂರ ಎಂಬತ್ತು. ನೂರ ಎಂಬತ್ತೆಂದರೆ ಚಲುವರಾಜು. ಅವಳ ಕೈ ಗಾಳಿಯಲ್ಲೇ ನಿಂತಿತು. ಕಲ್ಲಿನ ಮೇಲಿನ ಸಾಲು ಪೂರ್ತಿ ಆ ಕೈಯನ್ನೇ ನೋಡುತ್ತಿತ್ತು.

ಅಂಜನಮ್ಮ ರೊಟ್ಟಿಯನ್ನು ಕೆಳಗಿಟ್ಟಳು. ಒಳಗೆ ಹೋಗಿ ಒಂದು ಚೊಂಬು ನೀರು ಮಜ್ಜಿಗೆ ತಂದಳು, ಬೆಣ್ಣೆ ಚೂರೂ ಉಳಿಯದ ಹಾಗೆ ಕಡೆದದ್ದು. ಸಂಗಮೇಶನ ಲೋಟ ತುಂಬಿಸಿದಳು. ಕುಡಿದ ಮೇಲೆ ಮತ್ತೆ ತುಂಬಿಸಿದಳು. "ಇದನ್ನ ಎಷ್ಟಾದ್ರೂ ಕುಡಿ," ಎಂದಳು. ಅವಳ ಹಣೆ ಬೆವರಿತ್ತು, ಮೂಟೆ ಹೊತ್ತು ಇಳಿಸಿದವಳ ಹಾಗೆ.

ಹದಿನೈದು ದಿನ ತುಂಬಿದ ಮೇಲೆ ಹನ್ನೆರಡು ಜನರೂ ಮತ್ತೆ ಮಿಷನ್ ಹತ್ತಿದರು. ಹನ್ನೊಂದು ಜನರ ತೂಕ ಇಳಿದಿತ್ತು. ಹನ್ನೆರಡನೆಯವನು ನಡುವೆ ಅಕ್ಕನ ಮದುವೆಗೆ ಹೋಗಿ ಬಂದಿದ್ದ, ಅವನನ್ನು ಲೆಕ್ಕದಿಂದ ಬಿಟ್ಟರು. ಸಂಗಮೇಶನದು ಕಿಲೋ ಮುನ್ನೂರು ಇಳಿದಿತ್ತು. ಅವನು ಮಿಷನ್ನಿನಿಂದ ಇಳಿದವನೇ ಬಂದು ಅಂಜನಮ್ಮನ ಕಾಲು ಮುಟ್ಟಿದ. ಮನೋಜ್ ಚಾರ್ಟು ತೆಗೆದು, ಬೆಳಗಿನ ತಿಂಡಿಯ ಸಾಲಿನಲ್ಲಿ, 'ಕೆಳಗಿನ ಅಂಗಡಿಯ ಉಬ್ಬುರೊಟ್ಟಿ, ಎರಡು' ಎಂದು ಬರೆದ. ಎರಡು ಎಂಬುದರ ಕೆಳಗೆ ಎರಡು ಗೀಟು ಎಳೆದು, "ಎರಡೇ, ಅಮ್ಮಾ," ಎಂದ.

"ಎರಡೇ ಕಣಪ್ಪಾ. ನಾನೇನು ಮಗುನಾ?"

ಬೈರಣ್ಣ ಅವತ್ತೇ ಚಲುವರಾಜುವನ್ನು ಕರೆಸಿ ಬೇರೆ ಕಡೆ ನೋಡಿಕೊಳ್ಳುವಂತೆ ಹೇಳಿದ. ಬಂದವನನ್ನು ಬರಿಗೈಯಲ್ಲಿ ಕಳಿಸಬಾರದೆಂದು ಅಂಜನಮ್ಮ ಅವನಿಗೂ ಎರಡು ಇಕ್ಕಿದಳು. ತಿಂದು, "ನಾನೂ ಜಿಮ್ಮಿಗೆ ಸೇರ‍್ಲಾ?" ಎಂದು ಕೇಳಿ ಹೋದ.

ಸೋಮವಾರ ಬೆಳಿಗ್ಗೆ ಏಳೂಕಾಲಿಗೆಲ್ಲ ಕಲ್ಲುಹಾಸು ತುಂಬಿ, ನಾಲ್ಕು ಜನ ನಿಂತುಕೊಂಡೇ ರ‍್ಯಾಪು ಕಚ್ಚುತ್ತಿದ್ದರು. ಅಂಜನಮ್ಮ ಲಟ್ಟಣಿಗೆ ಹಿಡಿದುಕೊಂಡೇ ಹೊರಗೆ ಬಂದಳು.

"ಏಯ್, ಸರಿದು ಕೂತ್ಕೊಳ್ರೋ! ಅವರಿಗೂ ಜಾಗ ಬಿಡ್ರಿ. ಹಿಂಗೆ ನಿಂತ್ಕೊಂಡು ತಿಂದ್ರೆ ಮೈಗೆ ಹತ್ತುತ್ತಾ?"

ಮೇಲಿನ ಕಿಟಕಿಯಿಂದ ಮನೋಜನ ತಲೆ ಹೊರಬಂತು.

"ಹತ್ತಬಾರ್ದು ಅಂತಾನೇ ಅಲ್ವಾ ಅಮ್ಮಾ ನಾವಿಷ್ಟು ಒದ್ದಾಡ್ತಿರೋದು!"